ಒಂದು ಮನಿ ಆರ್ಡರ್ ಫಾರ್ಮಿನ ಕತೆ

ಆಗ ಪಾಕಿಸ್ತಾನಕ್ಕೆ ಸೇರಿದ್ದ ಪೂರ್ವ ಬಂಗಾಳದ ಒಬ್ಬ ಬಡ ರೈತ. ಮಗ ಢಾಕಾದಲ್ಲಿ ಓದುತ್ತಿದ್ದಾನೆ, ದುಡ್ಡು ಕಳಿಸಬೇಕು. ಅಂಚೆ ಕಚೇರಿಗೆ ಹೋಗಿ ಮನಿ ಆರ್ಡರ್ ಫಾರ್ಮು ಕೇಳುತ್ತಾನೆ. ಫಾರ್ಮು ಉರ್ದುವಿನಲ್ಲಿದೆ. ಈತನಿಗೆ ಬರುವುದು ಬಂಗಾಳಿ. ಇನ್ನು ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ದೂರದ ಪೇಟೆಗೆ ಓಡಬೇಕು. ಅಲ್ಲಿಯವರೆಗೆ ಮಗ ನೀರು ಕುಡಿದುಕೊಂಡು ಇರಲಿ.

1948ರ ಫೆಬ್ರವರಿ 25ರಂದು ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಈ ರೈತನ ಪಾಡು ಹೇಳಿದವರು ಧೀರೇಂದ್ರನಾಥ ದತ್ತ. ಕುಮಿಲ್ಲಾದ ವಕೀಲರು, ವಯಸ್ಸು 61. ಕರಾಚಿಯ ಆ ಸಭೆಯಲ್ಲಿ ಉರ್ದು ಇಲ್ಲವೇ ಇಂಗ್ಲಿಷಿನಲ್ಲೇ ಮಾತಾಡಬೇಕು ಅನ್ನುವ ನಿಯಮ. ದತ್ತರು ಉರ್ದು ತೆಗೆಯಿರಿ ಅನ್ನಲಿಲ್ಲ. ‘ಅಥವಾ ಬಂಗಾಳಿ’ ಅಂತ ಎರಡು ಪದ ಸೇರಿಸಿ ಅಂದರು, ಅಷ್ಟೇ. ಲೆಕ್ಕವನ್ನೂ ಕೊಟ್ಟರು: ದೇಶದ 6 ಕೋಟಿ 90 ಲಕ್ಷ ಜನರಲ್ಲಿ 4 ಕೋಟಿ 40 ಲಕ್ಷ ಜನರ ಮಾತು ಬಂಗಾಳಿ.

ಲೆಕ್ಕ ಹೇಳಿಯೇ ಕೆಟ್ಟರು ನೋಡಿ.

ಪ್ರಧಾನಿ ಲಿಯಾಖತ್ ಅಲಿ ಖಾನ್ ಎದ್ದರು. ಪಾಕಿಸ್ತಾನ ಮುಸ್ಲಿಮರ ದೇಶ, ಮುಸ್ಲಿಮರ ಭಾಷೆ ಉರ್ದು, ಮುಗೀತು ಅಂದರು. ಹಾಗಾದರೆ ಕೋಟಿಗಟ್ಟಲೆ ಬಂಗಾಳಿ ಮುಸ್ಲಿಮರು ಮನೆಯಲ್ಲಿ ಆಡುತ್ತಿದ್ದದ್ದು ಏನು? ಕೆಮ್ಮೋ, ಆಕಳಿಕೆಯೋ? ಪೂರ್ವ ಬಂಗಾಳದ ಮುಖ್ಯಮಂತ್ರಿ ಖ್ವಾಜಾ ನಾಜಿಮುದ್ದೀನ್ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಜನಕ್ಕೂ ಉರ್ದುವೇ ಬೇಕಂತೆ! ಢಾಕಾದ ನವಾಬರ ಮನೆತನದವರು. ಯಾರನ್ನು ಕೇಳಿಕೊಂಡು ಬಂದಿದ್ದರೋ, ಫಾರ್ಮು ಹಿಡಿದು ನಿಂತ ರೈತನನ್ನಂತೂ ಅಲ್ಲ. ತಿದ್ದುಪಡಿ ಬಿದ್ದುಹೋಯಿತು.

ಮುಂದಿನ ತಿಂಗಳು ಜಿನ್ನಾ ಅವರೇ ಢಾಕಾಗೆ ಬಂದರು. ರೇಸ್ ಕೋರ್ಸ್ ಮೈದಾನದಲ್ಲಿ ನಿಂತು, ಉರ್ದು ಬಿಟ್ಟರೆ ಬೇರೆ ರಾಷ್ಟ್ರಭಾಷೆ ಇಲ್ಲ ಅಂದರು. ಅಂದದ್ದು ಇಂಗ್ಲಿಷಿನಲ್ಲಿ. ಅವರ ಮನೆಮಾತು ಗುಜರಾತಿ. ಗುಜರಾತಿ ಮನೆಯವರು ಬಂಗಾಳಿಗಳ ಎದುರು ಇಂಗ್ಲಿಷಿನಲ್ಲಿ ಉರ್ದುವಿನ ಮಹಿಮೆ ಹೇಳಿದರು. ಸರ್ಕಸ್ಸಿನವರೂ ಇಷ್ಟು ಲಾಗ ಹಾಕುವುದಿಲ್ಲ.

(ಜಾಸ್ತಿ ನಗಬೇಡಿ. ಹೋದ ವಾರ ಬ್ಯಾಂಕಿನಲ್ಲಿ ದುಡ್ಡು ಕಟ್ಟಲು ಚಲನ್ ಕೇಳಿದೆ. ಒಂದು ಸಾಲು ಹಿಂದಿ, ಒಂದು ಸಾಲು ಇಂಗ್ಲಿಷು. ‘ಕನ್ನಡದ್ದು ಇಲ್ವಾ?’ ಅಂದೆ. ‘ಖಾಲಿ ಆಗಿದೆ ಸರ್’ ಅಂದರು. ನಾನು ಖಾತೆ ತೆರೆದ ದಿನದಿಂದ ಅದು ಖಾಲಿಯೇ.)

1952ರ ಫೆಬ್ರವರಿ 21ರಂದು ಭಾಷೆ ಕೇಳಿದ ಢಾಕಾದ ಹುಡುಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೊನೆಗೆ 1956ರ ಸಂವಿಧಾನದಲ್ಲಿ ಉರ್ದುವಿನ ಪಕ್ಕ ಬಂಗಾಳಿಗೂ ಜಾಗ ಸಿಕ್ಕಿತು. ಎರಡು ಪದ ಸೇರಿಸೋಕೆ ಎಂಟು ವರ್ಷ! ನಮ್ಮ ಕಡೆ ಪಹಣಿಯಲ್ಲಿ ಹೆಸರು ತಿದ್ದಿಸುವುದೇ ವಾಸಿ.

ಇಷ್ಟಾದರೂ ಸರ್ಕಾರ ದತ್ತರನ್ನು ಮರೆಯಲಿಲ್ಲ. 1971ರ ಮಾರ್ಚ್ 29ರ ರಾತ್ರಿ ಕುಮಿಲ್ಲಾದ ಮನೆಗೆ ಸೈನಿಕರು ಬಂದರು. 84 ವರ್ಷದ ಮುದುಕರನ್ನೂ ಮಗ ದಿಲೀಪರನ್ನೂ ದಂಡಿನ ಠಾಣ್ಯಕ್ಕೆ ಎಳೆದೊಯ್ದರು. ಇಬ್ಬರೂ ವಾಪಸ್ ಬರಲಿಲ್ಲ.

ಅದೇ ಡಿಸೆಂಬರಿನಲ್ಲಿ ಆ ರೈತನ ಅಂಚೆ ಕಚೇರಿ ಬಾಂಗ್ಲಾದೇಶ ಅನ್ನುವ ಬೇರೆ ದೇಶಕ್ಕೆ ಹೋಯಿತು, ಫಾರ್ಮು ಸಮೇತ.