ಥ್ಯಾಂಕ್ಸ್‌ಗಿವಿಂಗ್ ಮತ್ತು ಕಾಗದದ ಟೋಪಿ
ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು ಆಚರಿಸುವುದನ್ನೇ ಬಿಟ್ಟುಬಿಡಿ ಅಂತ ನೀವು ಬರೆದಿದ್ದೀರಿ. ಪೂರ್ತಿ ಒಪ್ಪುವುದಕ್ಕೂ ಆಗುತ್ತಿಲ್ಲ, ತಳ್ಳಿಹಾಕುವುದಕ್ಕೂ ಆಗುತ್ತಿಲ್ಲ. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಈ ಹಬ್ಬಕ್ಕೆಂದು, ಅಮೆರಿಕದ ಮೂಲನಿವಾಸಿಗಳ ಹಾಗೆ, ಕಾಗದದ ಗರಿಗಳ ಟೋಪಿ ಹಾಕಿಕೊಂಡು ಕುಣಿಯುತ್ತಾ ಬಂದಳು, ನಾವೂ ಏನೂ ಯೋಚಿಸದೆ ಸುಮ್ನೆ ಫೋಟೋ ತೆಗೆದು ಅಜ್ಜಿಗೆ ಕಳಿಸಿದೆವು. 1621ರಲ್ಲಿ ಪ್ಲಿಮತ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನ ಇಂಗ್ಲೆಂಡಿನಿಂದ ಬಂದ ವಲಸಿಗರ ಜೊತೆ ಉಂಡಿದ್ದು ನಿಜ, ಹಬ್ಬದ ಕಥೆ ಹೇಳುವುದೂ ಆ ಊಟವನ್ನೇ. ಆದರೆ 1675ರಲ್ಲಿ ಶುರುವಾದ ಯುದ್ಧದಲ್ಲಿ ವಲಸಿಗರು ಅದೇ ವಾಂಪನೋಗ್ ಜನರನ್ನು ಕೊಂದರು, ಉಳಿದವರಲ್ಲಿ ಎಷ್ಟೋ ಮಂದಿಯನ್ನು ಗುಲಾಮರಾಗಿ ಮಾರಿದರು. ಇದನ್ನು ಒಂದನೇ ಕ್ಲಾಸಲ್ಲಿ ಯಾರು ಹೇಳುತ್ತಾರೆ, ಅಲ್ವಾ? 1970ರಿಂದ ಅದೇ ಪ್ಲಿಮತ್‌ನಲ್ಲಿ, ಹಬ್ಬದ ಅದೇ ಗುರುವಾರ, ಮೂಲನಿವಾಸಿಗಳು ಶೋಕದ ದಿನ ಆಚರಿಸುತ್ತಾರೆ. ಅದು ಗೊತ್ತಾದ ಮೇಲೂ ನಾವು ಊಟಕ್ಕೆ ಸೇರುತ್ತೇವೆ, ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದೇ ಆಗ. ಟೋಪಿ ಮಾತ್ರ ಬೀರುವಿನ ಮೇಲಿನ ಡಬ್ಬದಲ್ಲಿದೆ. ಎಸೆಯಲು ಮನಸ್ಸು ಬರುತ್ತಿಲ್ಲ, ಯಾರಿಗೂ ತೋರಿಸಲೂ ಇಷ್ಟವಿಲ್ಲ.