ಮುಟ್ಟಬೇಡಿ ಅನ್ನೋ ಬೋರ್ಡು

ಬಟ್ಟೆಯನ್ನು ಯಾರೂ ಬರೀ ಕಣ್ಣಿನಿಂದ ನೋಡುವುದಿಲ್ಲ. ಬೇಕಿದ್ದರೆ ಮುಂಬೈಯ ಬಟ್ಟೆ ಬಜಾರು ಮಂಗಲ್‌ದಾಸ್ ಮಾರ್ಕೆಟ್‌ಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಳ್ಳಿ. ಅಂಗಡಿಯವನು ಥಾನು ಬಿಚ್ಚಿದ ಕೂಡಲೇ ಹೆಂಗಸರ ಕೈ ಮುಂದೆ ಹೋಗುತ್ತದೆ. ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುತ್ತಾರೆ, ಮುಷ್ಟಿಯಲ್ಲಿ ಮುದುರಿ ಬಿಡುತ್ತಾರೆ, ತಿರುಗಿಸಿ ಹಿಂಬದಿ ನೋಡುತ್ತಾರೆ. ಬಣ್ಣ, ಬೆಲೆ ಎಲ್ಲ ಆಮೇಲೆ. ಗಂಡಸರೂ ಕಮ್ಮಿಯೇನಿಲ್ಲ. ಪ್ಯಾಂಟ್ ಪೀಸನ್ನು ನಾವೂ ಗಂಭೀರವಾಗಿ ತಿಕ್ಕುತ್ತೇವೆ. ಏನು ಗೊತ್ತಾಯಿತು ಅಂತ ಕೇಳಿದರೆ ಹೇಳುವುದಕ್ಕೆ ಬರುವುದಿಲ್ಲ, ಅಷ್ಟೆ.

ಇದೆಲ್ಲ ತಲೆಗೆ ಬಂದದ್ದು ನಮ್ಮ ಮುಲುಂಡಿನ ಮನೆಯಲ್ಲಿ ಪ್ರತಿ ಭಾನುವಾರ ನಡೆಯುತ್ತಿರುವ ಜಗಳದಿಂದ. ಮಗಳು ಮತ್ತು ಅವಳ ಕಾಲೇಜಿನ ಸ್ನೇಹಿತರದ್ದು ಒಂದು ದಾರದ ಗುಂಪು. ಕ್ರೋಶಾ ಹಾಕುವವರು, ಸ್ವೆಟರ್ ಹೆಣೆಯುವವರು, ಮ್ಯಾಕ್ರಮೆ ಗಂಟು ಹಾಕುವವರು, ಹಳೆ ಸೀರೆ ಹರಿದು ಕೌದಿ ಹೊಲಿಯುವವರು. ಕೌದಿಗೆ ಮರಾಠಿ ಹುಡುಗಿಯರು ಗೋಧಡಿ ಅನ್ನುತ್ತಾರೆ, ಹೊಲಿಗೆ ಎರಡರದ್ದೂ ಒಂದೇ. ಇವರೆಲ್ಲ ಸೇರಿ ಒಂದು ಪ್ರದರ್ಶನ ಇಡಬೇಕಂತೆ. ಅಲ್ಲಿ 'ಮುಟ್ಟಬೇಡಿ' ಅಂತ ಬೋರ್ಡು ಹಾಕಬೇಕೋ ಬೇಡವೋ ಅನ್ನುವುದೇ ಜಗಳ.

ಭಾನುವಾರ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಫಾ ಕೆಳಗೆ ಉಲ್ಲನ್ ಉಂಡೆ, ಕುರ್ಚಿಯ ಬೆನ್ನಿಗೆ ಲಡಿ. ಇನ್ನೊಂದು ಲಡಿ ನನ್ನ ಎರಡೂ ಕೈಗೆ, ಯಾಕೆಂದರೆ ಉಂಡೆ ಸುತ್ತುವಾಗ ಹಿಡಿದುಕೊಳ್ಳಲು ಒಬ್ಬರು ಬೇಕು, ನಿವೃತ್ತರಾದವರಿಗೆ ಬೇರೆ ಕೆಲಸ ಇರುವುದಿಲ್ಲ ಅಲ್ವಾ? ಕೂತ ಕಡೆಯಿಂದಲೇ ಇವರು ಕಲಿಯುವುದನ್ನು ನೋಡುತ್ತೇನೆ. ಬಾಯಲ್ಲಿ ಹೇಳಿಕೊಡುವುದು ತೀರಾ ಕಮ್ಮಿ. 'ಹೀಗೆ ತಗೊ, ಹೀಗೆ ಎಳಿ' ಅಂದರೆ ಪಾಠ ಮುಗಿಯಿತು. ಮಿಕ್ಕಿದ್ದೆಲ್ಲ ಇನ್ನೊಬ್ಬರ ಬೆರಳು ನೋಡಿಯೇ ಬರಬೇಕು. ಗುಂಪಿನಲ್ಲಿ ಒಬ್ಬಳು ಎಡಗೈಯವಳು. ಅವಳು ಕಲಿಸುವವಳ ಪಕ್ಕದಲ್ಲಿ ಕೂರುವುದಿಲ್ಲ, ಎದುರಿಗೆ ಕೂರುತ್ತಾಳೆ. ಆಗ ಕಲಿಸುವವಳ ಬಲಗೈ ಚಲನೆ ಇವಳ ಎಡಗೈಗೆ ಕನ್ನಡಿಯಲ್ಲಿ ಕಂಡಂತೆ ನೇರವಾಗಿ ಸಿಗುತ್ತದೆ. ಜುಲೈ ತಿಂಗಳಲ್ಲಂತೂ ಕೈ ಬೆವರಿ ಉಲ್ಲನ್ ಬೆರಳ ಮೇಲೆ ಜಾರುವುದೇ ಇಲ್ಲ. ಅದಕ್ಕೆ ಪೌಡರ್ ಡಬ್ಬಿ ನಡುವೆ ಇಟ್ಟುಕೊಂಡು ಕೂರುತ್ತಾರೆ. ಮುಂಬೈಯಲ್ಲಿ ಸ್ವೆಟರ್ ಯಾರಿಗೆ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಾಗಿದೆ.

ಆದರೂ ಇದು ದಾರದ ಊರೇ. 1854ರಲ್ಲಿ ಕಾವಸ್‌ಜಿ ದಾವರ್ ಶುರು ಮಾಡಿದ ನೂಲಿನ ಕಂಪನಿಯಿಂದ ಹಿಡಿದು ಲಾಲ್‌ಬಾಗ್, ಪರೇಲ್ ಎಲ್ಲ ಮಿಲ್ಲಿನ ಚಿಮಣಿಗಳೇ ಆದವು. 1982ರ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಗೆ ಬಂದರು. ಬಹಳ ಮಿಲ್ಲುಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಈಗ ಲೋವರ್ ಪರೇಲ್‌ನಲ್ಲಿ ಮಿಲ್ಲಿದ್ದ ಜಾಗದಲ್ಲಿ ಮಾಲ್ ಇದೆ, ಬಟ್ಟೆ ಗಾಜಿನ ಹಿಂದೆ ಗೊಂಬೆಯ ಮೈಮೇಲಿದೆ. ನೂಲು ತೆಗೆದವರ ಮೊಮ್ಮಕ್ಕಳು ಹೊರಗೆ ನಿಂತು ನೋಡಬೇಕು.

ಗುಂಪಿನ ಹುಡುಗರು ಕಸೂತಿಗೆ ಬಂದದ್ದು ನನ್ನ ಹೆಂಡತಿಯಿಂದ. ಅವಳು ಧಾರವಾಡದವಳು. ಅವಳ ಹತ್ತಿರ ಒಂದು ಕಪ್ಪು ಚಂದ್ರಕಾಳಿ ಸೀರೆಯಿದೆ, ಅದರ ತುಂಬ ಗೋಪುರ, ತೇರು, ತುಳಸಿಕಟ್ಟೆ, ಆನೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ನೂಲಿನ ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ, ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುವುದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು. ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಅದನ್ನು ನೋಡಿ ಕುಣಿದುಬಿಟ್ಟ. "ಕಾಕು, ಇದು ಆಯ್ಲರ್‌ನ ಗಣಿತ! ಪ್ರತಿ ಗೆರೆಯ ಮೇಲೂ ಎರಡು ಸಲ ಹೋದರೆ ಎಂಥಾ ಚಿತ್ರ ಆದರೂ ಹೊರಟ ಜಾಗಕ್ಕೇ ವಾಪಸ್ ಬರಬಹುದು!" ಅಂದ. ಅವನು ಹೇಳಿದ್ದು ನಿಜವೇ, ಗೆರೆಗಳು ಒಂದಕ್ಕೊಂದು ಸೇರಿಕೊಂಡಿರಬೇಕು ಅಷ್ಟೆ. ಹೆಂಡತಿ ಸೂಜಿ ಮುಂದೆ ಹಿಡಿದು, "ಬರೋಬ್ಬರಿ ಅದ. ಮೊದಲ ಇದಕ್ಕ ದಾರ ಪೋಣಸು" ಅಂದಳು. ಅವನಿಗೆ ಅದೇ ಬರಲಿಲ್ಲ.

ಪ್ರದರ್ಶನದ ದೊಡ್ಡ ಐಟಂ ಕಸೂತಿಯಲ್ಲ, ಹವಳ. ಕ್ರೋಶಾದ ಹವಳ. ಇದರ ಹಿಂದೆಯೂ ಗಣಿತವೇ ಇದೆ. ಹೈಪರ್ಬೋಲಿಕ್ ಅನ್ನುವ ಒಂದು ಜಾತಿಯ ಮೇಲ್ಮೈ ಇದೆಯಂತೆ, ಎಲ್ಲಿ ನೋಡಿದರೂ ಜಾಗ ಜಾಸ್ತಿಯಾಗುತ್ತಾ ಸುಕ್ಕಾಗುತ್ತಾ ಹೋಗುವಂಥದ್ದು. ಗಣಿತದವರು ಅದನ್ನು ಕಾಗದದಲ್ಲಿ ಅಂಟಿಸಿ ಮಾಡುತ್ತಿದ್ದರು, ಕೈಗೆ ತೆಗೆದುಕೊಂಡರೆ ಹರಿದುಹೋಗುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾದ ಡೈನಾ ತೈಮಿನಾ 1997ರಲ್ಲಿ ಕ್ರೋಶಾ ಕಡ್ಡಿ ಹಿಡಿದರು. ಮಾಡಬೇಕಾದದ್ದು ಇಷ್ಟೇ: ಇಷ್ಟು ಹೊಲಿಗೆಗೊಂದು ಸಲ ಅಂತ ಲೆಕ್ಕ ಇಟ್ಟುಕೊಂಡು, ಒಂದೇ ಕಣ್ಣಿಗೆ ಎರಡು ಹೊಲಿಗೆ ಹಾಕುತ್ತಾ ಹೋಗುವುದು. ಮೊದಲ ಸಾಲುಗಳಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಅಂಚು ನಿಧಾನಕ್ಕೆ ಏಳುತ್ತದೆ, ಮಡಿಕೆ ಬೀಳುತ್ತದೆ, ಕೊನೆಗೆ ಮಡಿಕೆಯೊಳಗೆ ಮಡಿಕೆ. ಅದನ್ನು ಮಡಚಿ, ಹಿಗ್ಗಿಸಿ, ಮೇಲೆ ಗೆರೆ ಹೊಲಿದು ವಿದ್ಯಾರ್ಥಿಗಳು ಕೈಯಿಂದಲೇ ಜ್ಯಾಮಿತಿ ತಿಳಿಯಬಹುದಾಯಿತು. 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತ್‌ಹೈಮ್ ಅನ್ನುವ ಅಕ್ಕತಂಗಿಯರು ಇದೇ ಲೆಕ್ಕದಿಂದ ಹವಳದ ದಿಬ್ಬ ಹೆಣೆಯಲು ಶುರು ಮಾಡಿದರು. ಸಮುದ್ರದ ಕೆಲವು ಹವಳಗಳೂ ಇದೇ ರೀತಿ ಸುಕ್ಕುಸುಕ್ಕಾಗಿ ಬೆಳೆಯುತ್ತವೆ.

ನಮ್ಮ ಹುಡುಗರಿಗೆ ಮುಂಬೈಯದ್ದೇ ಹವಳ ಬೇಕಂತೆ. ಈ ಕಡಲಲ್ಲಿ ಹವಳ ಎಲ್ಲಿ ಅಂತ ನಗಬೇಡಿ. ಕೋಸ್ಟಲ್ ರೋಡ್ ಕೆಲಸಕ್ಕೆ ಅಡ್ಡ ಬರುತ್ತದೆಂದು 2020ರಲ್ಲಿ ವರ್ಲಿ, ಹಾಜಿ ಅಲಿ ಹತ್ತಿರದ ಹವಳಗಳನ್ನು ಎತ್ತಿ ಬೇರೆ ಕಡೆ ಇಟ್ಟರು. ಬಾಡಿಗೆ ಮನೆ ಬದಲಾಯಿಸುವುದು ಇಲ್ಲಿ ಯಾರಿಗೂ ತಪ್ಪಿದ್ದಲ್ಲ. ದರ್ಜಿಯ ಅಂಗಡಿಯ ಚಿಂದಿ, ಹಾಲಿನ ಪ್ಯಾಕೆಟ್ ಉದ್ದಕ್ಕೆ ಕತ್ತರಿಸಿ ಮಾಡಿದ ದಾರ, ಭುಲೇಶ್ವರದ ಗಲ್ಲಿಯಿಂದ ತಂದ ಲೇಸು, ಎಲ್ಲ ಸೇರಿ ಈಗ ಒಂದು ಮೇಜಿನ ಅಗಲಕ್ಕೆ ದಿಬ್ಬ ಬೆಳೆದಿದೆ.

ಇಡುವುದು ಎಲ್ಲಿ? ಜಹಾಂಗೀರ್ ಆರ್ಟ್ ಗ್ಯಾಲರಿಯ ಆಸೆ ಎಲ್ಲರಿಗೂ ಇದೆ. ಅಲ್ಲಿ ಸರದಿ ಬರುವಷ್ಟರಲ್ಲಿ ಇವರ ಮಕ್ಕಳು ಕಾಲೇಜಿಗೆ ಬಂದಿರುತ್ತಾರೆ. ಅದರ ಹೊರಗಿನ ಫುಟ್‌ಪಾತ್‌ನಲ್ಲಿ ಚಿತ್ರ ನೇತುಹಾಕುವವರನ್ನು ನೋಡಿ ಬಂದರು. ಚಿತ್ರಕ್ಕೆ ಸರಿ, ಉಲ್ಲನ್ನಿಗೆ ಧೂಳು. ಸದ್ಯಕ್ಕೆ ಮಾಟುಂಗದ ಕಡೆ ಒಂದು ಸಭಾಂಗಣ ನೋಡಿದ್ದಾರೆ. ನೇತುಹಾಕುವುದೂ ಸುಲಭವಿಲ್ಲ. ಕ್ರೋಶಾ ಪರದೆಯನ್ನು ಎರಡು ಮೊಳೆಗೆ ಸಿಕ್ಕಿಸಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಮೇಲಿನ ಅಂಚಿಗೆ ಪೂರ್ತಿ ಒಂದು ಕೋಲು ತೂರಿಸಬೇಕು.

ಇನ್ನು ಜಗಳ. ಶಾಲು ಹೆಣೆದವಳು ಬಿಳಿ ದಾರದಲ್ಲಿ ಹೆಣೆದಿದ್ದಾಳೆ, ಪಾಪ. ಸಭಾಂಗಣದ ಗೇಟಿನಲ್ಲೇ ವಡಾಪಾವ್ ಗಾಡಿಯಿದೆ. ಎಣ್ಣೆ ಕೈಯವರು ಮುಟ್ಟಿದರೆ ನನ್ನ ಗತಿಯೇನು ಅಂತ ಅವಳು ಕೇಳುತ್ತಾಳೆ. ಹವಳದವರು ಮಾತ್ರ, ಮುಟ್ಟದಿದ್ದರೆ ಇದನ್ನು ಮಾಡಿದ್ದಾದರೂ ಯಾಕೆ ಅನ್ನುತ್ತಾರೆ. ಒಬ್ಬಳು ಪ್ರತಿ ಕೆಲಸದ ಪಕ್ಕ ಅದೇ ದಾರದ ಸಣ್ಣ ತುಂಡು ನೇತುಹಾಕೋಣ, ಮುಟ್ಟುವವರು ಅದನ್ನು ಮುಟ್ಟಲಿ ಅಂದಳು. ಒಳ್ಳೆಯ ಸಲಹೆಯೇ. ಆದರೆ ನನಗೇನೋ ಅದು ಒಪ್ಪಿಗೆಯಾಗಲಿಲ್ಲ. ಮದುವೆ ಮನೆಗೆ ಕರೆದು ಬಾಗಿಲಲ್ಲೇ ಪೊಟ್ಟಣ ಕೊಟ್ಟು ಕಳಿಸಿದ ಹಾಗಾಗುತ್ತದೆ.

ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಕಸೂತಿ ನೋಡ್ಲಿಕ್ಕೆ ಬಂದಾವ್ರು ಮೊದಲ ತಿರುಗಿಸಿ ಹಿಂದ ನೋಡ್ತಾರ. ತಿರುಗಸಬ್ಯಾಡ್ರಿ ಅಂದ್ರ ಹಿಂದ ಏನೋ ಗಂಟಿಟ್ಟಾರ ಅಂತ ತಿಳ್ಕೋತಾರ."

ಮಾತು ಅಲ್ಲಿಗೆ ತಿರುಗಿತು. ಶಾಲಿನವಳೂ ಅರ್ಧ ಮನಸ್ಸಿನಿಂದ ಒಪ್ಪಿದಳು. ಈಗ ಬೋರ್ಡಿನಲ್ಲಿ 'ಕೈ ಒರೆಸಿಕೊಂಡು ಮುಟ್ಟಿ' ಅಂತ ಮರಾಠಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಯುವುದೆಂದು ತೀರ್ಮಾನವಾಗಿದೆ. ಬಾಗಿಲಲ್ಲಿ ಒಂದು ಬೋಗುಣಿ ನೀರು, ಪಕ್ಕದಲ್ಲಿ ಟವೆಲ್. ಟವೆಲ್ ಯಾರ ಮನೆಯದು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಮನೆಯ ಒಳ್ಳೆ ಟವೆಲ್‌ಗಳೆಲ್ಲ ಅವತ್ತು ಸಂಜೆಯೇ ಬೀರುವಿನೊಳಗೆ ಹೋಗಿವೆ, ಬೀಗದ ಕೈ ಹೆಂಡತಿಯ ಸೊಂಟದಲ್ಲಿದೆ.