ಸಂಜೆ ಐದಕ್ಕೆ ಗಾಡಿ ರೆಡಿ!

"ಸಂಜೆ ಐದಕ್ಕೆ ಬನ್ನಿ ಸಾರ್, ಗಾಡಿ ರೆಡಿ ಇರುತ್ತೆ" ಅನ್ನುವ ವರ್ಕ್‌ಶಾಪಿನವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಯಾವ ದಿನದ ಸಂಜೆ ಅನ್ನುವುದೊಂದೇ ಬಾಕಿ.

ಸಣ್ಣ ಕಾರಿನ ಮಾಮೂಲಿ ಸರ್ವಿಸ್‌ನಲ್ಲಿ ಕೈಕೆಲಸ ಇರುವುದು ಎರಡು-ಮೂರು ಗಂಟೆಯದು. ಬರೀ ಆಯಿಲ್ ಮತ್ತು ಫಿಲ್ಟರ್ ಆದರೆ ಮುಕ್ಕಾಲು ಗಂಟೆ ಸಾಕು. ಮಿಕ್ಕ ಹೊತ್ತೆಲ್ಲ ಕಾರಿಗೆ ಕಾಯುವುದೇ ಕೆಲಸ: ಏನೇನು ಕೆಲಸ ಅನ್ನುವ ಜಾಬ್ ಕಾರ್ಡ್ ಬರೆಯಬೇಕು, ಕಾರು ಎತ್ತುವ ಲಿಫ್ಟ್ ಖಾಲಿಯಾಗಬೇಕು, ಸ್ಟೋರ್‌ನಿಂದ ಫಿಲ್ಟರ್ ಬರಬೇಕು. ಎಲ್ಲ ಮುಗಿಯಿತು ಅನ್ನುವಾಗ ವಾಟರ್ ವಾಷ್‌ನ ಸಾಲು!

ಆಯಿಲ್ ಇಳಿಸುವುದಂತೂ ಅವಸರಕ್ಕೆ ಬಗ್ಗುವ ಕೆಲಸವಲ್ಲ. ಎಂಜಿನ್ ಬೆಚ್ಚಗಿರಬೇಕು. ತಣ್ಣಗಿದ್ದರೆ ಆಯಿಲ್ ಗಟ್ಟಿಯಾಗಿ ಕೊಳೆ ಒಳಗೇ ಉಳಿಯುತ್ತದೆ. ಸುಡುತ್ತಿದ್ದರೆ ಬೋಲ್ಟ್ ಬಿಚ್ಚಿದವನ ಮೊಣಕೈವರೆಗೂ ಇಳಿಯುತ್ತದೆ. ಧಾರೆ ನಿಂತ ಮೇಲೂ ಹನಿ ನಿಲ್ಲಲು ಹತ್ತು-ಹದಿನೈದು ನಿಮಿಷ ಬೇಕು. ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದೇ ಆಗಬೇಕು. ಹಳೆಯದನ್ನೇ ಹಾಕಿ, ಸೋರದಿರಲಿ ಅಂತ ಭೀಮಬಲ ತೋರಿಸಿದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಅಲ್ಯೂಮಿನಿಯಂ ಸಂಪ್‌ನ ಥ್ರೆಡ್ಡೇ ಕಿತ್ತು ಬರುತ್ತದೆ. ಮುಕ್ಕಾಲು ಗಂಟೆಯ ಕೆಲಸ ಆಗ ಮರುದಿನಕ್ಕೆ.

ಆಯಿಲ್ ಫಿಲ್ಟರ್ ಇನ್ನೂ ಕಿಲಾಡಿ. ಹಳೆಯದನ್ನು ತಿರುಗಿಸಿ ತೆಗೆದಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ನೋಡದೆ ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದಿರೋ, ಸ್ಟಾರ್ಟ್ ಮಾಡಿದ ಕೂಡಲೇ ನೆಲಕ್ಕೆಲ್ಲ ಹೊಸ ಆಯಿಲಿನ ಅಭಿಷೇಕ. ಹೊಸ ರಿಂಗಿಗೆ ಬೆರಳಲ್ಲಿ ಒಂದಿಷ್ಟು ಆಯಿಲ್ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಮಾನ್ಯವಾಗಿ ಸಾಕು.

ಎಂಜಿನ್ನಿಗೆ ಬೇಕಾದದ್ದು ಮೂರೂವರೆ ಲೀಟರ್, ಕ್ಯಾನಿನಲ್ಲಿರುವುದು ನಾಲ್ಕು ಅಂದುಕೊಳ್ಳಿ. ದುಡ್ಡು ಹೇಗೂ ಕೊಟ್ಟಾಗಿದೆ ಅಂತ ಉಳಿದರ್ಧವನ್ನೂ ಸುರಿಯುವ ಉದಾರಿಗಳಿದ್ದಾರೆ. ಮಟ್ಟ ಹೆಚ್ಚಾದರೆ ಎಂಜಿನ್ನಿನೊಳಗೆ ಸುತ್ತುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಲೂಬ್ರಿಕೇಶನ್ ಆಗುವುದಿಲ್ಲ. ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಇದ್ದರಾಯಿತು.

ಏರ್ ಫಿಲ್ಟರ್ ಐದು ನಿಮಿಷದ್ದು. ಎಸಿ ಫಿಲ್ಟರ್ ಹಲವು ಕಾರುಗಳಲ್ಲಿ ಗ್ಲೋವ್‌ಬಾಕ್ಸ್ ಹಿಂದಿರುತ್ತದೆ. ಅದನ್ನು ಬದಲಿಸಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕಟಕಟ ಶುರುವಾದರೆ, ಕ್ಲಿಪ್ಪೊಂದು ಯಾರದೋ ಜೇಬಿನಲ್ಲಿ ಉಳಿದಿದೆ ಅಂತ ಲೆಕ್ಕ.

ನಗುವಂಥದ್ದಲ್ಲದ ವಿಷಯ ಬ್ರೇಕ್. ಡಿಸ್ಕನ್ನು ಒತ್ತಿ ಹಿಡಿದು ಚಕ್ರ ನಿಲ್ಲಿಸುವ ಪ್ಯಾಡ್ ಹೊಸದಿದ್ದಾಗ ಸುಮಾರು 10 ಮಿ.ಮೀ. ದಪ್ಪವಿರುತ್ತದೆ, 3ಕ್ಕೆ ಇಳಿದರೆ ಬದಲಿಸಬೇಕು. ಪ್ಯಾಡ್ ಸವೆದಾಗ ಬ್ರೇಕ್ ಆಯಿಲಿನ ಮಟ್ಟ ಇಳಿಯುವುದು ಸಹಜ. ನಡುವೆ ಯಾರೋ ಪುಣ್ಯಾತ್ಮರು ಟಾಪ್‌ಅಪ್ ಮಾಡಿದ್ದರೆ, ಹೊಸ ಪ್ಯಾಡಿಗೆಂದು ಪ್ಯಾಡನ್ನು ಒತ್ತುವ ಬ್ರೇಕಿನ ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆ ಆಯಿಲ್ ಉಕ್ಕಿ ಪೇಂಟನ್ನೇ ತಿನ್ನುತ್ತದೆ. ಹಿಂದೆ ಸರಿದ ಆ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಪೆಡಲ್ ಸೀದಾ ನೆಲಕ್ಕಿಳಿಯುತ್ತದೆ. ಕಾರು ಕದಲಿಸುವ ಮುಂಚೆಯೇ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ಮರೆತರೆ ಮೊದಲ ಬ್ರೇಕ್ ಹಾಕುವುದು ವರ್ಕ್‌ಶಾಪಿನ ಗೋಡೆ.

ಇಷ್ಟೆಲ್ಲ ಆದ ಮೇಲೆ ಮೀಟರಿನ ಸರ್ವಿಸ್ ರಿಮೈಂಡರ್ ರೀಸೆಟ್ ಮಾಡುವುದು ಅರ್ಧ ನಿಮಿಷದ ಕೆಲಸ. ಅಷ್ಟು ಚಿಕ್ಕದಾದ್ದರಿಂದಲೇ ಅದನ್ನು ಮರೆಯುತ್ತಾರೆ. ಬಿಲ್ ಕಟ್ಟಿ ಕೀಲಿ ತಿರುಗಿಸಿದರೆ ಕಾರು ಹೇಳುತ್ತದೆ: ಸರ್ವಿಸ್ ಮಾಡಿಸಿ.